ಮಾರ್ಫಿನ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆಯಂತೆ, ಅಪ್ಪನ ಮಾತ್ರೆ ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮದು ಮುಧೋಳ ತಾಲೂಕಿನ ಹಳ್ಳಿ. ಅಪ್ಪನಿಗೆ 66 ವರ್ಷ, ಬಾಯಿ ಕ್ಯಾನ್ಸರ್. ಬೆಳಗಾವಿಯಲ್ಲಿ ಆಪರೇಷನ್, ರೇಡಿಯೇಷನ್ ಎಲ್ಲಾ ಆಯಿತು. ಈಗ ಮತ್ತೆ ಕುತ್ತಿಗೆಯಲ್ಲಿ ಗಡ್ಡೆ ಬಂದಿದೆ. ನೋವಿಗೆ ನಾಲ್ಕು ತಾಸಿಗೊಮ್ಮೆ ಮಾರ್ಫಿನ್ 10 ಮಿಗ್ರಾಂ ಮಾತ್ರೆ ಕೊಡುತ್ತಿದ್ದೇವೆ. ಹೋದ ತಿಂಗಳು ನ್ಯುಮೋನಿಯಾ ಆಗಿ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದರು. ನೆಂಟರೊಬ್ಬರು ಮೊಬೈಲಿನಲ್ಲಿ ಓದಿ, 'ಮಾರ್ಫಿನ್ ಕೊಟ್ಟರೆ ರೋಗನಿರೋಧಕ ಶಕ್ತಿ ಸತ್ತೇ ಹೋಗುತ್ತದೆ, ಮೊದಲು ಅದನ್ನು ನಿಲ್ಲಿಸಿ' ಅಂತ ಹೇಳುತ್ತಿದ್ದಾರೆ. ನಿಜವೇ? ಇನ್ನೊಂದು ವಿಷಯ. ನನ್ನ ತಮ್ಮ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಬೆನ್ನುನೋವಿಗೆ ಎರಡು ವರ್ಷದಿಂದ ಟ್ರಮಡಾಲ್ ಇರುವ ಮಾತ್ರೆ ತಾನೇ ತಂದು ನುಂಗುತ್ತಾನೆ. ಅವನಿಗೆ ಪದೇ ಪದೇ ನೆಗಡಿ, ಮೈಕೈ ನೋವು, ಭೇದಿ. ಮಾತ್ರೆ ಸಿಗದ ದಿನ ಇನ್ನೂ ಜಾಸ್ತಿ. ತೊಡೆಯ ಮೇಲೆ ಆಗಾಗ ಕುರು ಏಳುತ್ತದೆ. ಇದೂ ಅದೇ ಔಷಧದ ಕಾರಣವೇ?

ಉತ್ತರ: ಮೊದಲು ಅಪ್ಪನ ವಿಷಯ. ಅವರ ಮಾರ್ಫಿನ್ ನಿಲ್ಲಿಸಬೇಡಿ. ನೆಂಟರ ಮಾತು ಕೇಳಿ ಈಗಾಗಲೇ ನಿಲ್ಲಿಸಿದ್ದರೆ, ಈ ಉತ್ತರ ಪೂರ್ತಿ ಓದುವುದಕ್ಕಿಂತ ಮೊದಲು ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ.

ಹಾಗಂತ ನೆಂಟರು ಸುಳ್ಳು ಹೇಳಿದ್ದಾರೆ ಎಂದೂ ಅಲ್ಲ. ಮಾರ್ಫಿನ್ ಮತ್ತು ಅದರ ಬಳಗದ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಇದು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಆದರೆ 'ತಗ್ಗಿಸುತ್ತದೆ' ಎನ್ನುವುದಕ್ಕೂ 'ಸತ್ತೇ ಹೋಗುತ್ತದೆ' ಎನ್ನುವುದಕ್ಕೂ ಬಹಳ ಅಂತರವಿದೆ. ಎಷ್ಟು ತಗ್ಗುತ್ತದೆ, ಯಾರಲ್ಲಿ, ಯಾವ ಔಷಧದಿಂದ, ಔಷಧ ಬಿಟ್ಟರೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಒಂದೇ ಬಳಗದ ಎರಡು ಔಷಧಗಳಿವೆ. ಎರಡಕ್ಕೂ ನನ್ನ ಉತ್ತರ ಬೇರೆ ಬೇರೆ.

ಈ ಬಳಗಕ್ಕೆ ಓಪಿಯಾಯ್ಡ್ ಎನ್ನುತ್ತಾರೆ. ಗಸಗಸೆ ಗಿಡದ ಹಸಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲೇ ಅಫೀಮು. ಅದರಿಂದ ಮಾರ್ಫಿನ್, ಕೋಡೀನ್ ಸಿಗುತ್ತವೆ. ಟ್ರಮಡಾಲ್, ಫೆಂಟನಿಲ್, ಮೆಥಡೋನ್ ಮುಂತಾದವನ್ನು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಬುಪ್ರೆನಾರ್ಫಿನ್ ನಡುವಿನದು, ಅಫೀಮಿನ ಅಂಶವೊಂದನ್ನು ಮಾರ್ಪಡಿಸಿ ಮಾಡಿದ್ದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುತ್ತಾರೆ. ಇಷ್ಟೆಲ್ಲಾ ಬೆಳೆಯುವ ದೇಶದಲ್ಲೇ ಕ್ಯಾನ್ಸರ್ ರೋಗಿಗೆ ಒಂದು ಮಾರ್ಫಿನ್ ಮಾತ್ರೆ ಸಿಗುವುದು ಕಷ್ಟವಾಗಿತ್ತು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದಕ್ಕೇ ಹೆದರುತ್ತಿದ್ದವು. 2014ರಲ್ಲಿ ತಿದ್ದುಪಡಿ ಬಂದ ಮೇಲೆ ಕಾನೂನು ಸ್ವಲ್ಪ ಸಡಿಲವಾಯಿತು. ನಿಮ್ಮ ಅಪ್ಪನಿಗೆ ಅದು ಸಿಗುತ್ತಿದೆ ಎಂದರೆ ಅವರ ವೈದ್ಯರು ಒಂದಿಷ್ಟು ಕಾಗದಪತ್ರದ ತಲೆನೋವು ಹೊತ್ತುಕೊಂಡಿದ್ದಾರೆ ಎಂದೇ ಅರ್ಥ. ಇರಲಿ.

ರೋಗನಿರೋಧಕ ಶಕ್ತಿಯ ಮಾತು ಇವತ್ತಿನದಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ಇದ್ದರು. ಬಿಳಿ ರಕ್ತಕಣಗಳು ರೋಗಾಣುಗಳನ್ನು ಸುತ್ತುವರಿದು ನುಂಗಿಬಿಡುತ್ತವೆ ಎಂದು ತೋರಿಸಿಕೊಟ್ಟವರು ಅವರು. 1908ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಜೊತೆ ಕೆಲಸ ಮಾಡುತ್ತಿದ್ದ ರೊಮೇನಿಯಾದ ವೈದ್ಯ ಕಾಂಟಾಕುಜೀನೋ 1898ರಲ್ಲಿ ಗಿನಿ ಹಂದಿಗಳಿಗೆ ಅಫೀಮು ಕೊಟ್ಟು, ರೋಗಾಣುಗಳನ್ನೂ ಕೊಟ್ಟು ನೋಡಿದರು. ಅಫೀಮು ಕೊಟ್ಟ ಪ್ರಾಣಿಗಳಲ್ಲಿ ಬಿಳಿ ಕಣಗಳ ನುಂಗುವ ಕೆಲಸ ಮಂದವಾಗಿತ್ತು. ಅವು ಸೋಂಕಿಗೆ ಬೇಗ ಬಲಿಯಾದವು. ಅಂದರೆ ನಿಮ್ಮ ನೆಂಟರು ಮೊಬೈಲಿನಲ್ಲಿ ಕಂಡಿದ್ದು ನೂರಿಪ್ಪತ್ತೈದು ವರ್ಷಕ್ಕೂ ಹಳೆಯ ಸಂಗತಿ.

ಯಾಕೆ ಹಾಗಾಗುತ್ತದೆ ಎಂಬುದು ಗೊತ್ತಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಮಾರ್ಫಿನ್ ಹೋಗಿ ಅಂಟಿಕೊಳ್ಳುವ ಜಾಗವೊಂದು ಜೀವಕೋಶಗಳ ಮೇಲಿದೆ. ಅದಕ್ಕೆ ಮ್ಯೂ ರಿಸೆಪ್ಟರ್ ಎಂದು ಹೆಸರು. ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಅದಕ್ಕೆ ಮಾರ್ಫಿನ್ ಅಂಟಿದಾಗ ನೋವು ಕಡಿಮೆಯಾಗುತ್ತದೆ. ಕರುಳಿನ ನರಗಳಲ್ಲಿ ಅಂಟಿದಾಗ ಮಲಬದ್ಧತೆ ಬರುತ್ತದೆ. 1979ರಲ್ಲಿ ಮನುಷ್ಯರ ರಕ್ತದ ಟಿ ಕಣಗಳೆಂಬ ಬಿಳಿ ರಕ್ತಕಣಗಳೂ ಮಾರ್ಫಿನ್‌ಗೆ ಸ್ಪಂದಿಸುತ್ತವೆ ಎಂದು ಕಂಡುಬಂತು. ಆಮೇಲೆ ಈ ಮ್ಯೂ ರಿಸೆಪ್ಟರ್ ಇಲ್ಲದ ಇಲಿಗಳನ್ನೇ ವಿಜ್ಞಾನಿಗಳು ಸೃಷ್ಟಿಸಿದರು. ಅವುಗಳಿಗೆ ಮಾರ್ಫಿನ್ ಕೊಟ್ಟರೆ ನೋವೂ ಇಳಿಯಲಿಲ್ಲ, ರೋಗನಿರೋಧಕ ಶಕ್ತಿಯೂ ಕುಗ್ಗಲಿಲ್ಲ. 1998ರಲ್ಲಿ ಪ್ರಕಟವಾದ ಈ ಪ್ರಯೋಗ ನನ್ನ ಮಟ್ಟಿಗೆ ಈ ಇಡೀ ವಿಷಯದ ಗಟ್ಟಿ ಸಾಕ್ಷಿ. ಬೇಕಾದ ಕೆಲಸ, ಬೇಡದ ಕೆಲಸ ಎರಡೂ ಒಂದೇ ಜಾಗದಿಂದ ಶುರುವಾಗುತ್ತವೆ. ಹಾಗಾಗಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಪೂರ್ತಿ ತೆಗೆದುಹಾಕಲು ಇದುವರೆಗೂ ಸುಲಭದ ದಾರಿ ಸಿಕ್ಕಿಲ್ಲ.

ಮಾರ್ಫಿನ್ ನಿರೋಧಕ ಶಕ್ತಿಯನ್ನು ತಗ್ಗಿಸುವುದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಬಿಳಿ ಕಣಗಳದ್ದೇ. ನಿಮ್ಮ ಅಪ್ಪನಿಗೆ ಬಂದದ್ದು ನ್ಯುಮೋನಿಯಾ ಆದ್ದರಿಂದ ಶ್ವಾಸಕೋಶದ ಕಥೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಉಸಿರಿನ ಜೊತೆ ಒಂದಿಷ್ಟು ರೋಗಾಣು ಒಳಗೆ ಹೋಗುವುದು ದಿನದಿನದ ಮಾತು. ಗಾಳಿಗೂಡುಗಳ ಒಳಗೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಓಡಾಡಿಕೊಂಡು ಇರುತ್ತವೆ. ಸಿಕ್ಕ ರೋಗಾಣುವನ್ನು ನುಂಗಿ ಒಳಗೇ ಕೊಲ್ಲುತ್ತವೆ. ಕೈಮೀರುತ್ತಿದೆ ಎನಿಸಿದರೆ ರಾಸಾಯನಿಕ ಸಂಕೇತ ಬಿಡುತ್ತವೆ. ಆಗ ರಕ್ತದಲ್ಲಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ರಕ್ತನಾಳದ ಗೋಡೆ ದಾಟಿ, ಕೆಲವೇ ತಾಸಿನಲ್ಲಿ ಅಲ್ಲಿಗೆ ಬಂದು ಸೇರುತ್ತವೆ. ಮೊದಲ ಕೆಲವು ತಾಸುಗಳಲ್ಲಿ ನಡೆಯುವ ಈ ಕೆಲಸವೇ ಮುಖ್ಯ. ಸುಮ್ನೆ ಕೆಮ್ಮು ಬಂದು ಹೋಗುತ್ತದೋ, ನ್ಯುಮೋನಿಯಾ ಆಗುತ್ತದೋ ಎನ್ನುವುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಮಾರ್ಫಿನ್ ಕೊಟ್ಟ ಇಲಿಗಳ ಶ್ವಾಸಕೋಶಕ್ಕೆ ನ್ಯುಮೋನಿಯಾ ತರುವ ನ್ಯುಮೋಕಾಕಸ್ ರೋಗಾಣು ಹಾಕಿದಾಗ ಈ ಮೊದಲ ತಾಸುಗಳ ಕೆಲಸವೇ ತಡವಾಯಿತು. ಮ್ಯಾಕ್ರೋಫೇಜ್‌ಗಳು ಬಿಡುವ ಸಂಕೇತ ಕಡಿಮೆಯಾಯಿತು. ನ್ಯೂಟ್ರೋಫಿಲ್‌ಗಳು ತಡವಾಗಿ ಬಂದವು, ಬಂದದ್ದೂ ಕಡಿಮೆ. ಅಷ್ಟರಲ್ಲಿ ರೋಗಾಣುಗಳು ಸಂಖ್ಯೆ ಹೆಚ್ಚಿಸಿಕೊಂಡು ರಕ್ತಕ್ಕೂ ಇಳಿದಿದ್ದವು. ಗಮನಿಸಿ, ಇಲ್ಲಿ ಬಿಳಿ ಕಣಗಳು ಸತ್ತು ಖಾಲಿಯಾಗಿಲ್ಲ. ಇದ್ದವು, ಆದರೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಾಗಾಗಿಯೇ ಮಾರ್ಫಿನ್ ತೆಗೆದುಕೊಳ್ಳುವವರ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ಕಣಗಳ ಲೆಕ್ಕ ಸರಿಯಾಗಿಯೇ ಬರಬಹುದು. ಕೀಮೋ ಕೊಟ್ಟಾಗ ಕಣಗಳ ಸಂಖ್ಯೆಯೇ ಇಳಿಯುತ್ತದೆ. ಅದು ಬೇರೆ, ಇದು ಬೇರೆ.

ಎರಡನೆಯ ದಾರಿ ಮಿದುಳಿನದು. ಇಲಿಯ ಮಿದುಳಿನ ನಡುಭಾಗದ ಒಂದು ಚಿಕ್ಕ ಜಾಗಕ್ಕೆ ಮಾತ್ರ ಮಾರ್ಫಿನ್ ಹಾಕಿದರೂ ದೇಹದ ಎನ್‌ಕೆ ಕಣಗಳು ಮಂಕಾಗುತ್ತವೆ ಎಂದು 1989ರಲ್ಲೇ ಕಂಡುಬಂದಿತ್ತು. ಎನ್‌ಕೆ ಅಂದರೆ ವೈರಸ್ ಹೊಕ್ಕ ಕೋಶಗಳನ್ನೂ ಕೆಲವು ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುವ ಕಣಗಳು. ಮಿದುಳಿನಿಂದ ಗುಲ್ಮಕ್ಕೆ (ಸ್ಪ್ಲೀನ್) ಹೋಗುವ ನರಗಳು ಅಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬಿಡುತ್ತವೆ, ಅಲ್ಲಿದ್ದ ಬಿಳಿ ಕಣಗಳು ನಿಧಾನವಾಗುತ್ತವೆ. ನಿರೋಧಕ ಶಕ್ತಿಯನ್ನು ತಗ್ಗಿಸುವ ಕಾರ್ಟಿಸೋಲ್ ಹಾರ್ಮೋನಿನ ಹೆಸರನ್ನೂ ಇಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ನನಗೆ ಅದರ ಬಗ್ಗೆ ಅಷ್ಟು ಭರವಸೆ ಇಲ್ಲ. ಇಲಿಗಳಲ್ಲಿ ಮಾರ್ಫಿನ್ ಆ ಬಗೆಯ ಹಾರ್ಮೋನನ್ನು ಏರಿಸುತ್ತದೆ. ಮನುಷ್ಯರಲ್ಲಿ ಬಹಳ ಕಾಲ ತೆಗೆದುಕೊಂಡರೆ ಅದು ಇಳಿಯುವುದೇ ಜಾಸ್ತಿ. ಇಲಿಯಲ್ಲಿ ಕಂಡಿದ್ದನ್ನೆಲ್ಲ ನಮಗೆ ಹಾಗೇ ಅನ್ವಯಿಸಿಕೊಳ್ಳಬಾರದು ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಮೂರನೆಯದು ಕರುಳು. ನನ್ನ ಪ್ರಕಾರ ಎಲ್ಲಕ್ಕಿಂತ ಕಡಿಮೆ ಮಾತಾಡುವುದು ಇದರ ಬಗ್ಗೆಯೇ. ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಇರುತ್ತವೆ. ಅವು ಒಳಗೇ ಇದ್ದರೆ ತೊಂದರೆಯಿಲ್ಲ. ಕರುಳಿನ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ಅವನ್ನು ಹೊರಗೆ ಬಿಡದೆ ತಡೆಯುತ್ತವೆ. ಮಾರ್ಫಿನ್ ಕೊಟ್ಟ ಇಲಿಗಳಲ್ಲಿ ಈ ಅಂಟು ಸಡಿಲವಾಗಿ, ಬ್ಯಾಕ್ಟೀರಿಯಾ ದುಗ್ಧಗ್ರಂಥಿಗಳಿಗೂ ಯಕೃತ್ತಿಗೂ ಹೋಗಿದ್ದು ಕಂಡಿದೆ. ಜೊತೆಗೆ ಕರುಳಿನ ಚಲನೆಯೂ ನಿಧಾನವಾಗುತ್ತದೆ, ಮಲ ಕಟ್ಟುತ್ತದೆ, ಬ್ಯಾಕ್ಟೀರಿಯಾಗಳ ಜಾತಿಯೂ ಬದಲಾಗುತ್ತದೆ. ನೀರು ನಿಂತ ಹೊಲದ ಬದುವಿನಲ್ಲಿ ಇಲಿ ಬಿಲ ಮಾಡಿದ ಹಾಗೆ. ನೀರು ಹರಿದುಹೋಗುತ್ತಿದ್ದರೆ ಸಣ್ಣ ಬಿಲದಿಂದ ಅಷ್ಟು ಹಾನಿಯಿಲ್ಲ, ನಿಂತರೆ ಬದುವೇ ಕುಸಿಯುತ್ತದೆ. ಆದ್ದರಿಂದಲೇ ಮಾರ್ಫಿನ್ ಜೊತೆ ಮಲಬದ್ಧತೆಯ ಔಷಧ ಬರೆದುಕೊಟ್ಟಿದ್ದರೆ ಅದನ್ನು 'ಇದೇನು, ಎರಡು ದಿನ ಬಿಟ್ಟರೂ ನಡೆಯುತ್ತೆ' ಅಂತ ಬಿಡಬೇಡಿ. ಬರೆದುಕೊಟ್ಟಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಸರಿ, ಇಲಿಗಳ ಕಥೆ ಆಯಿತು. ಮನುಷ್ಯರಲ್ಲಿ ಏನಾಗಿದೆ? ಅಮೆರಿಕದ ಟೆನೆಸೀ ರಾಜ್ಯದಲ್ಲಿ ನ್ಯುಮೋಕಾಕಸ್ ಸೋಂಕು ರಕ್ತಕ್ಕೋ ಮಿದುಳಿನ ಪೊರೆಗೋ ಇಳಿದ 1,233 ಜನರನ್ನು, ಆ ಸೋಂಕು ಬರದ 24,399 ಜನರ ಜೊತೆ ಹೋಲಿಸಿ ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ಓಪಿಯಾಯ್ಡ್ ತೆಗೆದುಕೊಳ್ಳುತ್ತಿದ್ದವರಲ್ಲಿ ಇಂಥ ಸೋಂಕಿನ ಸಾಧ್ಯತೆ ಉಳಿದವರಿಗಿಂತ 1.62 ಪಟ್ಟು ಇತ್ತು. ಡೋಸ್ ಜಾಸ್ತಿಯಾದಷ್ಟೂ, ಬಹಳ ಹೊತ್ತು ಕೆಲಸ ಮಾಡುವ ಔಷಧವಾದಷ್ಟೂ ಸಂಬಂಧ ಇನ್ನಷ್ಟು ಬಲವಾಗಿ ಕಂಡಿತು. ಅದಕ್ಕೂ ಮೊದಲು, 2011ರಲ್ಲಿ, ವಯಸ್ಸಾದವರ ನ್ಯುಮೋನಿಯಾ ಬಗ್ಗೆ ಬಂದ ಇನ್ನೊಂದು ಅಧ್ಯಯನದಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚಿದ್ದದ್ದು ಔಷಧ ಶುರುಮಾಡಿದ ಮೊದಲ ಹದಿನಾಲ್ಕು ದಿನಗಳಲ್ಲಿ.

ಈ 1.62 ಎಂಬ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ. ಇಂಥ ತೀವ್ರ ಸೋಂಕು ಬರುವುದೇ ಅಪರೂಪ. ಅಪರೂಪದ್ದು ಒಂದೂವರೆ ಪಟ್ಟು ಆದರೂ ಅಪರೂಪವೇ. ಇನ್ನೊಂದು ತೊಡಕೂ ಇದೆ. ಓಪಿಯಾಯ್ಡ್ ಬೇಕಾಗುವಷ್ಟು ನೋವಿರುವವರು ಮೊದಲೇ ಕಾಯಿಲೆಯವರು. ಸಂಶೋಧಕರು ಲೆಕ್ಕದಲ್ಲಿ ಅದನ್ನು ಸರಿದೂಗಿಸಲು ನೋಡಿದ್ದಾರೆ, ಆದರೆ ಪೂರ್ತಿ ಸರಿದೂಗಿಸಲು ಆಗುವುದಿಲ್ಲ. ಔಷಧದ ಪಾತ್ರ ಇದೆ, ಆದರೆ ಅಂಕಿ ತೋರಿಸುವ ಅಷ್ಟೂ ಪಾಲು ಔಷಧದ್ದೇ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ಅಪ್ಪನ ನ್ಯುಮೋನಿಯಾಕ್ಕೆ ಬರೋಣ. ಬಾಯಿ ಆಪರೇಷನ್ ಆಗಿದೆ, ರೇಡಿಯೇಷನ್ ಆಗಿದೆ. ಇಂಥವರಲ್ಲಿ ಬಹಳ ಜನರಿಗೆ ನುಂಗುವುದು ಸರಿಯಾಗಿ ಆಗುವುದಿಲ್ಲ. ಗಂಟಲಿನ ಸ್ನಾಯು ಬಿರುಸಾಗಿರುತ್ತದೆ, ಬಾಯಿ ಒಣಗಿರುತ್ತದೆ. ಗಂಜಿಯ ಒಂದು ಗುಟುಕು, ಎಂಜಲು, ಗೊತ್ತಾಗದ ಹಾಗೆ ಶ್ವಾಸನಾಳಕ್ಕೆ ಇಳಿಯುತ್ತದೆ. ಊಟ ಕಡಿಮೆಯಾಗಿ ಮೈ ಇಳಿದಿರುತ್ತದೆ. ಮಲಗಿಯೇ ಇರುತ್ತಾರೆ. ಇದರ ಮೇಲೆ ಮಾರ್ಫಿನ್ ಕೆಮ್ಮನ್ನು ತಡೆಯುತ್ತದೆ, ಸ್ವಲ್ಪ ತೂಕಡಿಕೆ ತರುತ್ತದೆ, ಉಸಿರನ್ನು ಮೆಲ್ಲಗಾಗಿಸುತ್ತದೆ. ಕಫ ಹೊರಗೆ ಬರುವುದಿಲ್ಲ. ಇದಕ್ಕೂ ಬಿಳಿ ರಕ್ತಕಣಗಳಿಗೂ ಸಂಬಂಧವೇ ಇಲ್ಲ, ನೋಡಿ. ನೀವು ಬರೆದಷ್ಟರಿಂದ ಹೇಳುವುದಾದರೆ, ಮೊದಲ ಅನುಮಾನ ನುಂಗುವ ತೊಂದರೆಯ ಮೇಲೆ. ಆಮೇಲೆ ಕ್ಯಾನ್ಸರ್ ಮತ್ತು ಪೋಷಣೆ. ಮಾರ್ಫಿನ್ ನಂತರದ್ದು, ಅದರಲ್ಲೂ ರೋಗನಿರೋಧಕ ಶಕ್ತಿಗಿಂತ ಕೆಮ್ಮು ಮತ್ತು ತೂಕಡಿಕೆಯ ಪಾಲೇ ಜಾಸ್ತಿ ಇರಬೇಕು.

ಮಾರ್ಫಿನ್ ನಿಲ್ಲಿಸಿದರೆ ಏನಾಗುತ್ತದೆ? ನೋವು ವಾಪಸ್ಸು ಬರುತ್ತದೆ. ನೋವು ತಾನೇ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎನ್ನುವುದು ನೆಂಟರು ಓದಿದ್ದರಲ್ಲಿ ಇರಲಿಲ್ಲವೇನೋ. 1993ರ ಒಂದು ಪ್ರಯೋಗದಲ್ಲಿ ಇಲಿಗಳ ಹೊಟ್ಟೆ ಆಪರೇಷನ್ ಮಾಡಿ, ಅವಕ್ಕೆ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರು. ಆಪರೇಷನ್ ಆದ ಇಲಿಗಳಲ್ಲಿ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡುವುದು ಹೆಚ್ಚಾಯಿತು. ಆದರೆ ನೋವಿಗೆ ಮಾರ್ಫಿನ್ ಕೊಟ್ಟ ಇಲಿಗಳಲ್ಲಿ ಆ ಹೆಚ್ಚಳ ಕಡಿಮೆಯಾಯಿತು. ಅದೇ ಮಾರ್ಫಿನ್! ನೋವಿಲ್ಲದ ಪ್ರಾಣಿಗೆ ಕೊಟ್ಟರೆ ಹಾನಿ ಮಾಡುವ ಔಷಧ, ನೋವಿನಲ್ಲಿರುವ ಪ್ರಾಣಿಗೆ ನೆರವಾಯಿತು. ಪ್ರಯೋಗಾಲಯದ ಬಹುಪಾಲು ಕೆಲಸ ನಡೆದಿರುವುದು ನೋವಿಲ್ಲದ ಇಲಿಗಳ ಮೇಲೆ. ನಿಮ್ಮ ಅಪ್ಪ ನೋವಿಲ್ಲದ ಇಲಿಯಲ್ಲ. ನೋವಿನಿಂದ ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಉದ್ದಕ್ಕೆ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಕಫ ಕಟ್ಟುವುದಕ್ಕೆ ಅಷ್ಟು ಸಾಕು. ಇನ್ನೂ ಒಂದು: ಅಭ್ಯಾಸವಾದ ಮಾರ್ಫಿನ್ ಅನ್ನು ಒಮ್ಮೆಲೇ ನಿಲ್ಲಿಸಿದಾಗಲೂ ಪ್ರಾಣಿಗಳಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದ್ದು ಕಂಡಿದೆ. ಹಾಗಾಗಿ ನಿಲ್ಲಿಸುವುದರಿಂದ ಶಕ್ತಿ ಮರಳಿ ಬರುತ್ತದೆ ಎಂಬ ಲೆಕ್ಕವೇ ಇಲ್ಲಿ ತಪ್ಪು.

ಮಾಡಬೇಕಾದ ಕೆಲಸ ಬೇರೆ ಇದೆ. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಆದ ಮೇಲೆ ಅರ್ಧ ತಾಸು ಮಲಗಿಸಬೇಡಿ. ತೆಳ್ಳಗಿನ ನೀರು, ಚಹಾ ಕುಡಿದಾಗ ಕೆಮ್ಮು ಬರುತ್ತದೋ ನೋಡಿ. ಬಂದರೆ ಅದು ನುಂಗುವುದರಲ್ಲಿ ತೊಂದರೆ ಇರುವ ಗುರುತು. ಅಂಥವರಿಗೆ ಸ್ವಲ್ಪ ಗಟ್ಟಿಯಾದ ಅಂಬಲಿ, ನುಣ್ಣಗೆ ಕುದಿಸಿದ ನುಚ್ಚು ಇಳಿಯುವುದು ಸುಲಭ. ಬೆಳಗಾವಿಗೆ ಬಂದಾಗ 'ನುಂಗುವುದನ್ನು ಪರೀಕ್ಷೆ ಮಾಡಿ' ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಸಲ ಅದು ಬಿಟ್ಟುಹೋಗುತ್ತದೆ. ಬಾಯಿಯನ್ನು ದಿನಾ ಎರಡು-ಮೂರು ಸಲ ಸ್ವಚ್ಛ ಮಾಡಿ. ಬಾಯಿಯಲ್ಲಿರುವ ರೋಗಾಣುವೇ ಮುಂದೆ ಶ್ವಾಸಕೋಶಕ್ಕೆ ಹೋಗುವುದು. ನ್ಯುಮೋಕಾಕಸ್ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಯಾವಾಗ ಹಾಕಿಸಬಹುದು ಎಂದೂ ವೈದ್ಯರನ್ನು ಕೇಳಿ. ಇವು ಸ್ವಲ್ಪ ದುಬಾರಿ, ಆದರೂ ಮಾರ್ಫಿನ್ ನಿಲ್ಲಿಸುವುದಕ್ಕಿಂತ ನ್ಯುಮೋನಿಯಾ ತಡೆಯುವ ಒಳ್ಳೆಯ ದಾರಿ.

ಜ್ವರ ಬಂದಾಗ ಒಂದು ವಿಷಯ ನೆನಪಿರಲಿ. ಮಾರ್ಫಿನ್ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಜ್ವರ, ವಾಂತಿ, ನೀರು ಕುಡಿಯದಿರುವುದು ಇವೆಲ್ಲ ಸೇರಿ ಮೂತ್ರ ಕಡಿಮೆಯಾದರೆ, ನಿನ್ನೆಯವರೆಗೆ ಸರಿಯಾಗಿದ್ದ 10 ಮಿಗ್ರಾಂ ಇವತ್ತು ಜಾಸ್ತಿಯಾಗಬಹುದು. ಅಪ್ಪನ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿದ್ದು, ಕರೆದರೆ ಏಳದಷ್ಟು ಮಂಪರಿದ್ದು, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರಾಡುತ್ತಿದ್ದರೆ ಮುಂದಿನ ಮಾತ್ರೆ ಕೊಡಬೇಡಿ, ಆಸ್ಪತ್ರೆಗೆ ಹೊರಡಿ. ಎದೆಯ ಮೇಲೆ ಕೈಯಿಟ್ಟು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಇದನ್ನು ಮನೆಯಲ್ಲಿ ಇಬ್ಬರಾದರೂ ಕಲಿತಿರಬೇಕು.

'ಮಾರ್ಫಿನ್ ಬದಲು ರೋಗನಿರೋಧಕ ಶಕ್ತಿಗೆ ತೊಂದರೆ ಕೊಡದ್ದು ಇಲ್ಲವಾ' ಎಂದು ನೀವು ಮುಂದೆ ಕೇಳಿಯೇ ಕೇಳುತ್ತೀರಿ. ಪ್ರಾಣಿಗಳ ಪ್ರಯೋಗದಲ್ಲಿ ಬುಪ್ರೆನಾರ್ಫಿನ್ ಈ ವಿಷಯದಲ್ಲಿ ಬಹಳ ಸೌಮ್ಯ. ಫೆಂಟನಿಲ್ ಹಾಗಲ್ಲ, ಅದು ಮಾರ್ಫಿನ್‌ನ ದಾರಿಯಲ್ಲೇ ಹೋಗುತ್ತದೆ. ಇವೆರಡೂ ಚರ್ಮಕ್ಕೆ ಅಂಟಿಸುವ ಪ್ಯಾಚ್ ರೂಪದಲ್ಲಿ ಸಿಗುತ್ತವೆ. ನುಂಗಲು ಆಗದವರಿಗೆ ಪ್ಯಾಚ್ ಒಳ್ಳೆಯದೇ. ಆದರೆ ಬುಪ್ರೆನಾರ್ಫಿನ್‌ಗೆ ಬದಲಿಸಿದರೆ ಕ್ಯಾನ್ಸರ್ ರೋಗಿಗಳಿಗೆ ಸೋಂಕು ಕಡಿಮೆಯಾಗುತ್ತದೆ ಎಂದು ಗಟ್ಟಿಯಾಗಿ ತೋರಿಸಿದವರಿಲ್ಲ. ಮಾರ್ಫಿನ್ ಅಗ್ಗ, ಡೋಸ್ ಏರಿಸಿ ಇಳಿಸಲು ಸುಲಭ. ಅದು ಒಗ್ಗಿದ್ದರೆ ರೋಗನಿರೋಧಕ ಶಕ್ತಿಯ ಕಾರಣಕ್ಕೇ ಬದಲಿಸುವ ಅವಸರ ಬೇಡ. ಪ್ಯಾಚ್‌ಗೆ ಬದಲಾದರೆ ಒಂದು ಎಚ್ಚರ: ಮೈ ಬಿಸಿಯಾದಾಗ ಪ್ಯಾಚಿನಿಂದ ಔಷಧ ಜಾಸ್ತಿ ಒಳಹೋಗುತ್ತದೆ. ಜ್ವರದಲ್ಲಿ, ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ತಮ್ಮ. ನಿಜ ಹೇಳಬೇಕೆಂದರೆ ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಚಿಂತೆಯಾದದ್ದು ಇವನ ಬಗ್ಗೆ.

ಟ್ರಮಡಾಲ್ ಅರ್ಧ ಕೆಲಸವನ್ನಷ್ಟೇ ಮ್ಯೂ ರಿಸೆಪ್ಟರ್ ಮೂಲಕ ಮಾಡುತ್ತದೆ. ಇನ್ನರ್ಧ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ನರರಾಸಾಯನಿಕಗಳ ಮೂಲಕ. ಹಾಗಾಗಿ ರೋಗನಿರೋಧಕ ಶಕ್ತಿಗೆ ಇದರ ತೊಂದರೆ ಮಾರ್ಫಿನ್‌ಗಿಂತ ಕಡಿಮೆ. ಗರ್ಭಕೋಶದ ಕ್ಯಾನ್ಸರ್ ಆಪರೇಷನ್ ಆದ ಹೆಂಗಸರಲ್ಲಿ ಎರಡನ್ನೂ ಹೋಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ರಮಡಾಲ್ ಕೊಟ್ಟವರ ಎನ್‌ಕೆ ಕಣಗಳು ಕುಗ್ಗಲಿಲ್ಲ, ಚುರುಕಾಗಿಯೇ ಇದ್ದವು. ಅಂದರೆ ಅವನ ನೆಗಡಿ, ಕುರು ಎರಡನ್ನೂ ನಿರೋಧಕ ಶಕ್ತಿಯ ಖಾತೆಗೆ ಹಾಕುವುದು ಸರಿಯಲ್ಲ.

ಹಾಗಾದರೆ ನೆಗಡಿ ಯಾಕೆ? ಮಾತ್ರೆ ಸಿಗದ ದಿನ ಜಾಸ್ತಿ ಅಂತ ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ಮೂಗು ಸೋರುವುದು, ಕಣ್ಣಲ್ಲಿ ನೀರು, ಮೇಲಿಂದ ಮೇಲೆ ಆಕಳಿಕೆ, ಮೈಕೈ ನೋವು, ಹೊಟ್ಟೆ ನುಲಿದು ಭೇದಿ, ಮೈ ಮೇಲೆ ಗುಳ್ಳೆ ಎದ್ದ ಹಾಗೆ ರೋಮಾಂಚನ. ಇದು ನೆಗಡಿಯಲ್ಲ, ಅಭ್ಯಾಸವಾದ ಓಪಿಯಾಯ್ಡ್ ಇಲ್ಲದಾಗ ಮೈ ಕೊಡುವ ಸೂಚನೆ. ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಮಾತ್ರೆ ಹಾಕಿದ ಒಂದೆರಡು ತಾಸಿಗೆ 'ನೆಗಡಿ' ಮಾಯವಾಗುತ್ತದೆ. ಯಾವ ವೈರಸ್ಸೂ ಅಷ್ಟು ಬೇಗ ಹೋಗುವುದಿಲ್ಲ, ಅಲ್ವಾ? ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್, ಲಾರಿ ಓಡಿಸುವವರು ನೋವಿಗೂ ರಾತ್ರಿಯಿಡೀ ಕೂರುವ ಆಯಾಸಕ್ಕೂ ಈ ಮಾತ್ರೆ ಹಿಡಿದು, ಆಮೇಲೆ ಬೆನ್ನು ಸರಿಯಾದರೂ ಮಾತ್ರೆ ಬಿಡಲಾಗದೆ ಬರುವುದನ್ನು ನಾವು ನೋಡುತ್ತೇವೆ. ಎರಡು ಟ್ರೇಲರ್ ತುಂಬಾ ಕಬ್ಬು ಹೇರಿಕೊಂಡು, ತೂಕಡಿಸುವ ಮಾತ್ರೆ ನುಂಗಿ, ರಾತ್ರಿ ರಸ್ತೆಗೆ ಇಳಿಯುವುದು ಎಂಥ ಅಪಾಯ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಟ್ರಮಡಾಲ್ ಜಾಸ್ತಿಯಾದರೆ ಫಿಟ್ಸ್ ಕೂಡ ಬರುತ್ತದೆ.

ಆ ಮಾತ್ರೆಯ ಹಾಳೆಯನ್ನು ತಿರುಗಿಸಿ ಹಿಂಭಾಗ ಓದಿ. ಹೆಚ್ಚಿನವುಗಳಲ್ಲಿ ಟ್ರಮಡಾಲ್ 37.5 ಮಿಗ್ರಾಂ, ಪ್ಯಾರಾಸಿಟಮಾಲ್ 325 ಮಿಗ್ರಾಂ ಎಂದಿರುತ್ತದೆ. ಈ ಪ್ಯಾರಾಸಿಟಮಾಲ್ ಎನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಜ್ವರ ಇಳಿಸುತ್ತದೆ. ದಿನಾ ನುಂಗುವವನಿಗೆ ಒಳಗೆ ನಿಜವಾದ ಸೋಂಕು ಇದ್ದರೂ ಜ್ವರ ಕಾಣುವುದಿಲ್ಲ, ನೋವೂ ಗೊತ್ತಾಗುವುದಿಲ್ಲ. ಕಾಯಿಲೆ ಬಲಿತ ಮೇಲೆ ಆಸ್ಪತ್ರೆಗೆ ಬರುತ್ತಾನೆ, ಆಗ 'ನಿರೋಧಕ ಶಕ್ತಿ ಇಲ್ಲ' ಎನ್ನುತ್ತಾರೆ. ಮಿತಿ ಮೀರಿ ಮಾತ್ರೆ ನುಂಗುವ ಮಟ್ಟಕ್ಕೆ ಹೋದರೆ ಯಕೃತ್ತಿಗೂ ಕುತ್ತು. ಟ್ರಮಡಾಲ್ 2018ರಿಂದ ಮಾದಕವಸ್ತು ಕಾಯ್ದೆಯ ಅಡಿಯಲ್ಲಿದೆ. ವೈದ್ಯರ ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ. ಅವನಿಗೆ ಎಲ್ಲಿಂದ ಸಿಗುತ್ತಿದೆ ಎಂದು ಮನೆಯವರು ತಿಳಿದುಕೊಳ್ಳುವುದು ಒಳ್ಳೆಯದು.

ಕುರುವಿಗೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯದ್ದು ಮತ್ತು ಮೂರು ತಿಂಗಳ ಸರಾಸರಿ ತೋರಿಸುವುದು, ಎರಡನ್ನೂ. ಹರೆಯದ ಹುಡುಗನಿಗೆ ಎಲ್ಲಿಯ ಸಕ್ಕರೆ ಕಾಯಿಲೆ ಎನ್ನಬೇಡಿ. ಆಮೇಲೆ, ಬೆನ್ನಿಗೆ ಅಂತ ಹಳ್ಳಿಯಲ್ಲಿ ಯಾರಾದರೂ ಇಂಜೆಕ್ಷನ್ ಕೊಡುತ್ತಿದ್ದಾರಾ, ಹೆಸರಿಲ್ಲದ ಪುಡಿಯೋ ಗುಳಿಗೆಯೋ ಕೊಟ್ಟಿದ್ದಾರಾ ಕೇಳಿ. ಅಂಥವುಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆಸಿರುವುದು ಉಂಟು. ಮುಖ ದುಂಡಗಾಗಿ ಊದಿಕೊಂಡಿದ್ದರೆ, ಹೊಟ್ಟೆಯ ಮೇಲೆ ಕೆನ್ನೇರಳೆ ಗೆರೆ ಬಿದ್ದಿದ್ದರೆ ಅನುಮಾನ ಗಟ್ಟಿ. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದು ಟ್ರಮಡಾಲ್‌ಗಿಂತ ಎಷ್ಟೋ ಹೆಚ್ಚು, ಸಕ್ಕರೆಯನ್ನೂ ಏರಿಸುತ್ತದೆ. ಅದನ್ನೂ ಒಮ್ಮೆಲೇ ನಿಲ್ಲಿಸಬಾರದು. ಟ್ರಮಡಾಲ್ ಅನ್ನು ಮಾತ್ರೆಯಾಗಿ ಅಲ್ಲದೆ ಸೂಜಿಯಿಂದ, ಅದೂ ಬೇರೆಯವರ ಜೊತೆ ಹಂಚಿಕೊಂಡು ಚುಚ್ಚಿಕೊಳ್ಳುತ್ತಿದ್ದರೆ ಮಾತೇ ಬೇರೆ: ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಲೇಬೇಕು. ಬೈಯದೆ ಕೇಳಿ. ಬೈದರೆ ಹೇಳುವುದಿಲ್ಲ.

ಅವನ ಮಾತ್ರೆಯನ್ನು ಕಿತ್ತು ಎಸೆಯಬೇಡಿ. ಎರಡು ವರ್ಷದ ಅಭ್ಯಾಸವನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಇಲ್ಲವೇ ವೈದ್ಯರ ಕೈಕೆಳಗೆ ಬುಪ್ರೆನಾರ್ಫಿನ್‌ಗೆ ಬದಲಿಸಿ ಇಳಿಸಬೇಕು. ಇದಕ್ಕೆ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 'ಹುಚ್ಚರ ಆಸ್ಪತ್ರೆಗೆ ಯಾಕೆ' ಎಂದು ತಮ್ಮ ಹಟ ಹಿಡಿದರೆ ಮೊದಲು ಫೋನಿನಲ್ಲಿ ಮಾತಾಡಲಿ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಬೆನ್ನನ್ನು ಬೇರೆಯಾಗಿ ಮೂಳೆ ವೈದ್ಯರಿಗೆ ತೋರಿಸಿ. ಎರಡು ವರ್ಷದಲ್ಲಿ ಒಮ್ಮೆಯೂ ತೋರಿಸಿಲ್ಲ ಎಂದು ನನ್ನ ಅನುಮಾನ.

ಕೊನೆಗೆ ಇಬ್ಬರಿಗೂ ಸೇರಿದ ಒಂದು ಮಾತು. ಎರಡು ವಾರ ದಾಟಿದ ಕೆಮ್ಮು ಯಾರಿಗೇ ಇರಲಿ, ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಆಗುತ್ತದೆ. ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿಸಿ ಕೆಮ್ಮನ್ನು ಅಡಗಿಸಬೇಡಿ, ಅದೂ ಇದೇ ಬಳಗದ್ದು. ಒಂದು ವೇಳೆ ಕ್ಷಯ ಅಂತ ಬಂದು ಚಿಕಿತ್ಸೆ ಶುರುವಾದರೆ, ಅಪ್ಪ ಮಾರ್ಫಿನ್ ತೆಗೆದುಕೊಳ್ಳುತ್ತಾರೆ, ತಮ್ಮ ಟ್ರಮಡಾಲ್ ತೆಗೆದುಕೊಳ್ಳುತ್ತಾನೆ ಎಂದು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್ ಈ ನೋವಿನ ಔಷಧಗಳ ಬಲವನ್ನು ಇಳಿಸಿಬಿಡುತ್ತದೆ. ಅಪ್ಪನ ನೋವು ಇದ್ದಕ್ಕಿದ್ದ ಹಾಗೆ ಹೆಚ್ಚಾಗಬಹುದು, ಆಗ ಡೋಸ್ ಬದಲಿಸಬೇಕಾಗುತ್ತದೆ.